ಹಳೇ ಸಾಮಾನು, ಮನೆ, ದುಡ್ಡು ಮ್ಯೂಸಿಯಂಗೆ ಕೊಡೋದಾದ್ರೆ: ವಿಲ್ಲೋ, ದಾನಪತ್ರವೋ, ದತ್ತಿಯೋ?

ಮೈಸೂರಿನ ಅಗ್ರಹಾರ, ಒಂಟಿಕೊಪ್ಪಲು, ಚಾಮುಂಡಿಪುರಂ ಕಡೆ ಹಳೇ ಮನೆಗಳಲ್ಲಿ, ಹಾಗೇ ಮಂಡ್ಯ ಜಿಲ್ಲೆಯ ಮೇಲುಕೋಟೆ, ನಾಗಮಂಗಲ, ಪಾಂಡವಪುರದ ತೊಟ್ಟಿಮನೆಗಳಲ್ಲಿ ಅಟ್ಟದ ಮೇಲೆ ಇನ್ನೂ ಏನೇನಿದೆ ಅಂತ ಒಳಗೆ ಹೋಗಿ ನೋಡಿದವರಿಗೇ ಗೊತ್ತು. ತಾಳೆಗರಿ ಕಟ್ಟು, ಕಡತ, ಚಿನ್ನದ ರೇಕಿನ ಮೈಸೂರು ಚಿತ್ರ, ಪಟ್ಟದ ಗೊಂಬೆ, ಗಂಜೀಫಾ ಅನ್ನೋ ಹಳೇ ಇಸ್ಪೀಟಿನ ಎಲೆ, ಕೊಳಗ, ಸೇರು, ತೊಗಲುಗೊಂಬೆ ತುಂಬಿದ ಪೆಟ್ಟಿಗೆ, ಕೆಆರ್‌ಎಸ್ ಕಟ್ಟೆ ಕಟ್ಟೋವಾಗಿನ ಫೋಟೋಗಳು. ಮಕ್ಕಳು ಬೆಂಗಳೂರಲ್ಲೋ ನ್ಯೂಜೆರ್ಸಿಯಲ್ಲೋ ಫ್ಲಾಟಲ್ಲಿ ಇರ್ತಾರೆ, ಅವರಿಗೆ ಇಷ್ಟ ಇದ್ರೂ ಜಾಗ ಇಲ್ಲ. ಹಾಗಾಗಿ ಅರವತ್ತೈದು ಎಪ್ಪತ್ತು ದಾಟಿದ ಎಷ್ಟೋ ಜನ ಕೇಳೋ ಪ್ರಶ್ನೆ ಒಂದೇ, ಇದನ್ನ ಮ್ಯೂಸಿಯಂಗೆ ಕೊಡಬೇಕು ಅಂತಿದೆ, ಜೊತೆಗೆ ಒಂದಿಷ್ಟು ದುಡ್ಡು ಅಥವಾ ಮನೇನೂ ಕೊಡೋ ಆಸೆ ಇದೆ, ಈಗಲೇ ಕೊಡೋದಾ ಅಥವಾ ವಿಲ್ ಬರೆದಿಡೋದಾ?

ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ, ಆಮೇಲೆ ಯಾಕೆ ಅಂತ ಒಂದೊಂದಾಗಿ ನೋಡೋಣ. ವಸ್ತುಗಳನ್ನ ನೀವು ಬದುಕಿದ್ದಾಗಲೇ ಕೈಯಾರೆ ಕೊಡಿ. ಮನೆ ಮತ್ತು ದೊಡ್ಡ ದುಡ್ಡನ್ನ ವಿಲ್‌ನಲ್ಲಿ ಬರೀರಿ. ಬಹಳಷ್ಟು ಜನ ಇದನ್ನ ಉಲ್ಟಾ ಮಾಡ್ತಾರೆ, ಉತ್ಸಾಹದಲ್ಲಿ ಮನೆ ಈಗಲೇ ಬರೆದುಕೊಡೋಕೆ ಹೊರಡ್ತಾರೆ, ಅಟ್ಟದ ಮೇಲಿನ ಪೆಟ್ಟಿಗೆ ಮಾತ್ರ "ನಾನು ಹೋದ್ಮೇಲೆ ನೋಡ್ಕೊಳ್ಳಲಿ" ಅಂತ ಬಿಟ್ಟಿರ್ತಾರೆ.

ಅಮೆರಿಕಾದ ಬ್ರೋಶರ್ ಇಲ್ಲಿಗೆ ನಡೆಯಲ್ಲ

ಅಲ್ಲಿರೋ ಮಕ್ಕಳು ವಾಟ್ಸಾಪಲ್ಲಿ ಅಲ್ಲಿನ ಮ್ಯೂಸಿಯಂಗಳ ಪ್ಲಾನ್ಡ್ ಗಿವಿಂಗ್, ಅಂದ್ರೆ ಮೊದಲೇ ಯೋಜನೆ ಮಾಡಿ ಆಸ್ತಿ ದಾನ ಕೊಡೋದರ ಬ್ರೋಶರ್ ಕಳಿಸ್ತಾರೆ. ಅದರಲ್ಲಿ ಚಾರಿಟಬಲ್ ರಿಮೇಂಡರ್ ಟ್ರಸ್ಟ್, ಗಿಫ್ಟ್ ಆನ್ಯುಟಿ ಅಂತೆಲ್ಲ ಇರುತ್ತೆ, ಅಂದ್ರೆ ಈಗ ಆಸ್ತಿ ಕೊಡಿ, ಬದುಕಿರೋ ತನಕ ನಿಮಗೆ ವರಮಾನ ಬರುತ್ತೆ, ಟ್ಯಾಕ್ಸೂ ಉಳಿಯುತ್ತೆ ಅಂತ. ಅದು ಅಲ್ಲಿನ ಕಾನೂನು, ಅಲ್ಲಿ ದೊಡ್ಡ ಆಸ್ತಿ ಬಿಟ್ಟುಹೋದ್ರೆ ಎಸ್ಟೇಟ್ ಟ್ಯಾಕ್ಸ್ ಬೀಳುತ್ತೆ, ಮ್ಯೂಸಿಯಂಗೆ ಬರೆದ್ರೆ ಅದು ತಪ್ಪುತ್ತೆ. ನಮ್ಮಲ್ಲಿ ಎಸ್ಟೇಟ್ ಡ್ಯೂಟಿಯನ್ನ 1985ರಲ್ಲೇ ತೆಗೆದುಹಾಕಿದ್ದಾರೆ. ಹಾಗಾಗಿ ವಿಲ್ ಮೂಲಕ ಮ್ಯೂಸಿಯಂಗೆ ಕೊಟ್ರೆ ಟ್ಯಾಕ್ಸ್ ಲೆಕ್ಕದಲ್ಲಿ ನಿಮಗೆ ಸಿಗೋ ಲಾಭ ಏನೂ ಇಲ್ಲ, ಕೊಡೋ ಮನಸ್ಸಿದ್ರೆ ಮಾತ್ರ ಕೊಡೋದು. ನಮ್ಮ ಮುಂದಿರೋ ದಾರಿ ಅಂದ್ರೆ ನೇರ ದಾನ, ಎರವಲು, ಸ್ಕ್ಯಾನ್ ಮಾಡಿಸಿ ಕೊಡೋದು, ದತ್ತಿ ನಿಧಿ, ದಾನಪತ್ರ, ವಿಲ್, ಇಷ್ಟೇ. ಸ್ವಂತ ಟ್ರಸ್ಟ್ ಮಾಡೋದೂ ಒಂದು ದಾರಿ, ಆದ್ರೆ ವರ್ಷ ವರ್ಷ ಆಡಿಟ್ಟು, ಇನ್‌ಕಮ್ ಟ್ಯಾಕ್ಸ್ ನೋಂದಣಿಯ ರಿನೀವಲ್ಲು, ನಿಮ್ಮ ನಂತರ ನಡೆಸೋ ಟ್ರಸ್ಟಿಗಳು, ಇದೆಲ್ಲ ಬೇಕು, ಕೋಟಿಗಳ ಲೆಕ್ಕ ಇಲ್ಲದೇ ಇದ್ರೆ ಅದರ ಗೋಜಿಗೆ ಹೋಗ್ಬೇಡಿ.

ವಸ್ತು: ಈಗಲೇ ಕೊಡೋದು, ವಿಲ್‌ನಲ್ಲಿ ಬರೆಯೋದು, ಎರವಲು ಕೊಡೋದು

ಮೈಸೂರಿನ ಓರಿಯೆಂಟಲ್ ರಿಸರ್ಚ್ ಇನ್‌ಸ್ಟಿಟ್ಯೂಟ್ (ಓಆರ್‌ಐ), ಹಳೇ ಹಸ್ತಪ್ರತಿಗಳನ್ನ ಕೂಡಿಸಿಡೋ ಸಂಸ್ಥೆ, 1891ರಲ್ಲಿ ಶುರುವಾಗಿದ್ದು, ಅದರ ಅತಿ ದೊಡ್ಡ ಕಥೆ ನಮಗೆಲ್ಲ ಗೊತ್ತು. ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು ತಾಳೆಗರಿ ಕಟ್ಟೊಂದನ್ನ ತಂದು ಅಲ್ಲಿನ ಲೈಬ್ರರಿಗೆ ಕೊಟ್ಟರು, ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದು ಕೌಟಿಲ್ಯನ ಅರ್ಥಶಾಸ್ತ್ರ ಅಂತ ಗುರುತಿಸಿದರು, 1909ರಲ್ಲಿ ಪ್ರಿಂಟಾಯ್ತು, ಇಡೀ ಪ್ರಪಂಚ ತಿರುಗಿ ನೋಡ್ತು. ಶಾಮಶಾಸ್ತ್ರಿಗಳ ಹೆಸರು ಎಲ್ಲರಿಗೂ ಗೊತ್ತು, ಆದ್ರೆ ತಂದುಕೊಟ್ಟ ಆ ಪಂಡಿತರನ್ನ ಇವತ್ತಿಗೂ "ತಂಜಾವೂರಿನ ಒಬ್ಬ ಪಂಡಿತ" ಅಂತಲೇ ಹೇಳೋದು. ಅವರ ಮನೆಗೆ ಆ ಕಟ್ಟು ಯಾರಿಂದ ಬಂತು, ಯಾರು ನಕಲು ಮಾಡಿದ್ದು, ಅದರ ಜೊತೆ ಬೇರೆ ಏನಿತ್ತು, ಅದೆಲ್ಲ ಅವರ ಜೊತೆಗೇ ಹೋಯ್ತು. ನನಗೆ ಇದನ್ನ ನೆನೆಸಿಕೊಂಡ್ರೆ ನಿಜವಾಗ್ಲೂ ಹೊಟ್ಟೆ ಉರಿಯುತ್ತೆ.

ವಸ್ತುಗಳನ್ನ ಬದುಕಿದ್ದಾಗಲೇ ಕೊಡಿ ಅನ್ನೋದು ಇದಕ್ಕೇ. ಮ್ಯೂಸಿಯಂಗೆ ಬೇಕಾಗಿರೋದು ಬರೀ ಸಾಮಾನಲ್ಲ, ಅದರ ಪೂರ್ತಿ ವೃತ್ತಾಂತ. ಮಂಡ್ಯ ಕಡೆ ಒಂದು ಮನೆಯಲ್ಲಿರೋ ತೊಗಲುಗೊಂಬೆ ಪೆಟ್ಟಿಗೆ ತಗೊಳ್ಳಿ, ಯಾವ ಮೇಳದ್ದು, ಯಾವ ಊರಲ್ಲಿ ಆಡ್ತಿದ್ರು, ಯಾವ ಗೊಂಬೆ ಯಾವ ಪಾತ್ರ, ಎಷ್ಟನೇ ತಲೆಮಾರಲ್ಲಿ ನಿಂತುಹೋಯ್ತು, ಇದನ್ನ ಹೇಳೋಕೆ ಮನೆಯ ಅಜ್ಜ ಅಥವಾ ಅಜ್ಜಿ ಬೇಕು. ಅವರು ಹೋದ ಮೇಲೆ ವಿಲ್ ಪ್ರಕಾರ ಅದೇ ಪೆಟ್ಟಿಗೆ ಮ್ಯೂಸಿಯಂ ಬಾಗಿಲಿಗೆ ಬಂದ್ರೆ ಅದು "ತೊಗಲುಗೊಂಬೆ, ಮಂಡ್ಯ ಜಿಲ್ಲೆ" ಅಂತ ಒಂದು ಚೀಟಿ ಅಂಟಿಸಿಕೊಂಡು ಸ್ಟೋರ್ ರೂಮ್ ಸೇರುತ್ತೆ. ನೀವೇ ಕೊಟ್ರೆ ಸಂಗ್ರಹ ನೋಡ್ಕೊಳ್ಳೋ ಕ್ಯುರೇಟರ್ ಮುಂದೆ ಕೂತು ಹೇಳ್ಬೋದು, ಅವರು ಮೊಬೈಲಲ್ಲೇ ರೆಕಾರ್ಡ್ ಮಾಡ್ಕೊಳ್ತಾರೆ, ಅನುಮಾನ ಬಂದಾಗ ಮತ್ತೆ ಫೋನ್ ಮಾಡಿ ಕೇಳ್ತಾರೆ.

ರಾಮನಗರದ ಜಾನಪದ ಲೋಕ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತೆ. ನಮ್ಮ ನಾಗಮಂಗಲ ತಾಲೂಕಿನವರೇ ಆದ ಎಚ್.ಎಲ್. ನಾಗೇಗೌಡರು ಊರೂರು ಸುತ್ತಿ ಕೂಡಿಸಿದ ಸಾಮಾನು, ಹಾಡು, ರೆಕಾರ್ಡಿಂಗು ಎಲ್ಲ ಅಲ್ಲಿದೆ, ಅವರು ಬದುಕಿದ್ದಾಗಲೇ ಅದನ್ನ ಸಂಸ್ಥೆ ಮಾಡಿ ನಿಲ್ಲಿಸಿ ಹೋದರು. ಇನ್ನೊಂದು ಕಡೆ ಹೈದರಾಬಾದಿನ ಸಾಲಾರ್ ಜಂಗ್ ಸಂಗ್ರಹ. ಮೂರನೇ ಸಾಲಾರ್ ಜಂಗ್ 1949ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡರು, ಸಂಗ್ರಹಕ್ಕೆ ಒಂದು ದಾರಿ ಮಾಡಿ ಹೋಗಿರಲಿಲ್ಲ. 1951ರಲ್ಲಿ ಮ್ಯೂಸಿಯಂ ಏನೋ ಬಾಗಿಲು ತೆರೀತು, ಆದ್ರೆ ವಾರಸುದಾರರು, ಕೋರ್ಟು, ರಾಜಿ ಅಂತ ಎಲ್ಲ ಮುಗಿದು ಪಾರ್ಲಿಮೆಂಟಲ್ಲಿ ಕಾಯ್ದೆ ಆಗಿ ಗಟ್ಟಿ ನೆಲೆ ಸಿಕ್ಕಿದ್ದು 1961ರಲ್ಲಿ.

ಕಾನೂನಿನ ಪ್ರಕಾರವೂ ವಸ್ತು ಕೊಡೋದು ಸುಲಭ. ಚರ ವಸ್ತುವನ್ನ ದಾನ ಮಾಡೋಕೆ ರಿಜಿಸ್ಟ್ರೇಶನ್ ಕಡ್ಡಾಯ ಅಲ್ಲ, 1882ರ ಆಸ್ತಿ ವರ್ಗಾವಣೆ ಕಾಯ್ದೆ ಪ್ರಕಾರ ಕೈಗೆ ಒಪ್ಪಿಸಿದ್ರೆ, ಅವರು ಒಪ್ಪಿಕೊಂಡ್ರೆ ಸಾಕು. ಆದ್ರೂ ಒಂದು ಪತ್ರ ಬರೀರಿ, ಪ್ರತಿ ವಸ್ತುವಿನ ಫೋಟೋ ಸೇರಿಸಿ, ಮನೆಯ ಬೇರೆ ವಾರಸುದಾರರ ಸಹಿ ಹಾಕಿಸಿ, ಮ್ಯೂಸಿಯಂನಿಂದ ಸ್ವೀಕೃತಿ ಪತ್ರ ತಗೊಳ್ಳಿ. ಆಮೇಲೆ ಬಹಳ ಮುಖ್ಯವಾದದ್ದು, ಅವರ ರಿಜಿಸ್ಟರಲ್ಲಿ ಆ ವಸ್ತುವಿಗೆ ಹಾಕೋ ಅಕ್ಸೆಶನ್ ನಂಬರ್ ಕೇಳಿ ಬರೆದಿಟ್ಕೊಳ್ಳಿ. ನಂಬರ್ ಬಿದ್ದ ಮೇಲೇನೇ ಅದು ಮ್ಯೂಸಿಯಂ ಲೆಕ್ಕಕ್ಕೆ ಸೇರೋದು. ಅಲ್ಲೀ ತನಕ ಅದು ಯಾರದೋ ಟೇಬಲ್ ಮೇಲಿರೋ ಸಾಮಾನು.

ಎರವಲು ಅಂದ್ರೆ ಮಾಲೀಕತ್ವ ನಿಮ್ಮದೇ, ಇಷ್ಟು ವರ್ಷ ಪ್ರದರ್ಶನಕ್ಕೆ ಅಂತ ಒಪ್ಪಂದ. ಒಂದು ಎಕ್ಸಿಬಿಷನ್‌ಗೆ ಚೆನ್ನಾಗಿದೆ, ಹತ್ತಿಪ್ಪತ್ತು ವರ್ಷಕ್ಕೆ ನಾನು ಸಲಹೆ ಕೊಡಲ್ಲ, ಯಾಕಂದ್ರೆ ಕೊಟ್ಟವರು ತೀರಿಕೊಂಡ ಮೇಲೆ ಅದನ್ನ ವಾಪಸ್ ಯಾರಿಗೆ ಕೊಡೋದು ಅಂತ ಮ್ಯೂಸಿಯಂನವರಿಗೂ ಗೊತ್ತಾಗಲ್ಲ, ಬೇರೆಯವರ ಸಾಮಾನಿಗೆ ದುಡ್ಡು ಖರ್ಚು ಮಾಡಿ ರಿಪೇರಿ ಮಾಡಿಸೋಕೂ ಅವರಿಗೆ ಆಗಲ್ಲ.

ತಾಳೆಗರಿ, ಕಡತ, ಕಾಗದಪತ್ರ, ಫೋಟೋ ಇವುಗಳಿಗೆ ಸ್ಕ್ಯಾನ್ ಅನ್ನೋ ದಾರಿ ಇದೆ. ಪೂಜೆಯಲ್ಲಿಟ್ಟ ಗ್ರಂಥ, ಕೊಡೋಕೆ ಮನಸ್ಸು ಬರಲ್ಲ, ಅಂಥವರು ಒಳಗಿರೋದನ್ನ ಸ್ಕ್ಯಾನ್ ಮಾಡಿಸಿ ಕೊಟ್ರೆ ಓದೋರಿಗೆ ಅರ್ಧಕ್ಕಿಂತ ಹೆಚ್ಚು ಕೆಲಸ ಆಗುತ್ತೆ. ಮೇಲುಕೋಟೆಯ ಸಂಸ್ಕೃತ ಸಂಶೋಧನಾ ಸಂಸತ್ತಲ್ಲಿ ಹಸ್ತಪ್ರತಿ ನೋಡ್ಕೊಳ್ಳೋವ್ರಿದ್ದಾರೆ, ಮೈಸೂರಲ್ಲಿ ಓಆರ್‌ಐ ಇದೆ, ಮೊದಲು ಹೋಗಿ ಮಾತಾಡಿ. ಯಾವುದಕ್ಕೂ ಮೊದಲು ನೀವೇ ಕ್ಲೀನ್ ಮಾಡೋಕೆ ಹೋಗ್ಬೇಡಿ, ಮೈಸೂರು ಚಿತ್ರವನ್ನ ಒದ್ದೆ ಬಟ್ಟೆಯಲ್ಲಿ ಒರೆಸಿದ್ರೆ ಚಿನ್ನದ ರೇಕು ಕಿತ್ತು ಬರುತ್ತೆ, ಹಳೇ ಕಾಗದಕ್ಕೆ ಲ್ಯಾಮಿನೇಶನ್ ಮಾಡಿಸಿದ್ರೆ ಅದನ್ನ ಮತ್ತೆ ಬಿಡಿಸೋದು ಭಾರಿ ಕಷ್ಟ.

ಅಪ್ಪನ ಡೈರಿ, ಪತ್ರ, ಅಚ್ಚಾಗದ ಕಾದಂಬರಿ ಇಂಥದ್ದಿದ್ರೆ ಕಾಗದ ಬೇರೆ, ಕಾಪಿರೈಟ್ ಬೇರೆ ಅನ್ನೋದು ನೆನಪಿರಲಿ. ಕಾಗದ ಕೊಟ್ಟ ಮಾತ್ರಕ್ಕೆ ಅಚ್ಚು ಹಾಕೋ ಹಕ್ಕು ಹೋಗಲ್ಲ, ಹಕ್ಕು ಬರಹದಲ್ಲಿ ಬಿಟ್ಟುಕೊಡಬೇಕು. ಆದ್ರೆ ಲೇಖಕರು ತಮ್ಮ ಅಚ್ಚಾಗದ ಹಸ್ತಪ್ರತಿಯನ್ನ ವಿಲ್‌ನಲ್ಲಿ ಬರೆದ್ರೆ, ಬೇರೆ ಥರ ಹೇಳದೇ ಇದ್ರೆ, ಅವರ ಹತ್ರ ಇರೋ ಕಾಪಿರೈಟೂ ಜೊತೆಗೇ ಹೋಗುತ್ತೆ ಅಂತ 1957ರ ಕಾಯ್ದೆಯಲ್ಲಿದೆ. ಇದರಲ್ಲಿ ಮಾತ್ರ ವಿಲ್‌ಗೂ ದಾನಕ್ಕೂ ದೊಡ್ಡ ವ್ಯತ್ಯಾಸ.

ಕೊಡೋಕೆ ಮುಂಚೆ ಪರ್ಮಿಷನ್ ಬೇಕಾದವು

ನೂರು ವರ್ಷ ದಾಟಿದ ವಿಗ್ರಹ, ಚಿತ್ರ, ನಾಣ್ಯ ಇವೆಲ್ಲ 1972ರ ಪುರಾವಸ್ತು ಕಾಯ್ದೆಗೆ ಬರುತ್ತೆ, ಹಸ್ತಪ್ರತಿಗಳಿಗೆ ಆ ಲೆಕ್ಕ 75 ವರ್ಷ. ಕಲ್ಲು, ಲೋಹ, ಮರ, ದಂತದ ವಿಗ್ರಹಗಳು, ಹಳೇ ಚಿತ್ರಗಳು, ಚಿತ್ರ ಇರೋ ಹಸ್ತಪ್ರತಿಗಳು, ಇವನ್ನ ಮನೇಲಿಟ್ಕೊಂಡಿದ್ರೂ ನೋಂದಣಿ ಮಾಡಿಸಬೇಕು, ನೋಂದಣಿ ಆದದ್ದನ್ನ ಬೇರೆಯವರಿಗೆ ಕೊಟ್ರೆ ತಿಳಿಸಬೇಕು. ಮಗ ವಿದೇಶದ ಮ್ಯೂಸಿಯಂಗೆ ಕೊಡೋಣ ಅಂದ್ರೆ ಆಗಲ್ಲ, ಪುರಾವಸ್ತುವನ್ನ ಖಾಸಗಿಯವರು ದೇಶದಾಚೆ ಸಾಗಿಸೋಹಾಗಿಲ್ಲ. ಹೊಲ ಉಳುವಾಗ, ಪಾಯ ತೆಗೆಯುವಾಗ ಸಿಕ್ಕಿದ್ದು ನಿಧಿ ಕಾಯ್ದೆಗೆ ಬರುತ್ತೆ, ಅದು ದಾನ ಮಾಡೋಕೆ ನಿಮ್ಮದಲ್ಲ, ಸರ್ಕಾರಕ್ಕೆ ತಿಳಿಸಲೇಬೇಕು.

ಮೈಸೂರಿನ ಮನೆಗಳಿಗೆ ಮಾತ್ರ ಸೇರಿದ ಇನ್ನೊಂದು ವಿಷಯ ಇದೆ. ಇಲ್ಲಿನ ವ್ಯಾನ್ ಇಂಗೆನ್ ಕಾರ್ಖಾನೆಯಲ್ಲಿ ತುಂಬಿಸಿದ ಹುಲಿ, ಚಿರತೆ, ಕಾಟಿ ತಲೆಗಳು ಹಳೇ ಬಂಗಲೆಗಳ ಗೋಡೆ ಮೇಲೆ ಇನ್ನೂ ಇವೆ, ಹಾಗೇ ಬೀಟೆ ಮರದ ಕುಸುರಿ ಕೆಲಸದ ಹಳೇ ಟೀಪಾಯಿ ಬಾಗಿಲುಗಳಲ್ಲಿ ಬೆಳ್ಳಗಿರೋದು ಎಷ್ಟೋ ಸಲ ನಿಜವಾದ ಆನೆ ದಂತ. ಇವು 1972ರ ವನ್ಯಜೀವಿ ಕಾಯ್ದೆಗೆ ಬರುತ್ತೆ, ಮಾಲೀಕತ್ವದ ಸರ್ಟಿಫಿಕೇಟ್ ಬೇಕು, ಅರಣ್ಯ ಇಲಾಖೆಯ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಇಲ್ಲದೆ ಮ್ಯೂಸಿಯಂಗೂ ಕೊಡೋಹಾಗಿಲ್ಲ. ವಿಲ್‌ನಲ್ಲಿ "ಹುಲಿ ಚರ್ಮ ಇಂಥವರಿಗೆ" ಅಂತ ಬರೆದುಬಿಟ್ರೆ ಮಕ್ಕಳನ್ನ ಕಷ್ಟಕ್ಕೆ ಸಿಕ್ಕಿಸಿದ ಹಾಗೆ. ನೀವಿರುವಾಗಲೇ ಇಲಾಖೆಗೆ ಹೋಗಿ ಕೇಳಿ ಇತ್ಯರ್ಥ ಮಾಡ್ಕೊಳ್ಳಿ.

ದುಡ್ಡು: ಈಗ ಕೊಡೋ ಡೊನೇಶನ್, ದತ್ತಿ, ವಿಲ್

ಈಗ ಕೊಟ್ರೆ ಟ್ಯಾಕ್ಸ್ ಉಳಿಯುತ್ತೆ ಅಂತ ಎಲ್ಲರೂ ಹೇಳ್ತಾರೆ, ಅದು ಅರ್ಧ ನಿಜ. ಜನ 80ಜಿ ಅಂತ ಕರೆಯೋ ಇನ್‌ಕಮ್ ಟ್ಯಾಕ್ಸ್ ರಿಯಾಯಿತಿ ಇರೋದು ಅದಕ್ಕೆ ಅಪ್ರೂವಲ್ ಇರೋ ಸಂಸ್ಥೆಗೆ ಕೊಟ್ರೆ ಮಾತ್ರ. ಸಾಮಾನ್ಯ ಟ್ರಸ್ಟ್‌ಗಳಿಗೆ ಕೊಟ್ಟದ್ದರಲ್ಲಿ ಅರ್ಧ ಆದಾಯದಿಂದ ಕಳೀಬೋದು, ಅದಕ್ಕೂ ಆದಾಯದ ಶೇಕಡ 10ರ ಮಿತಿ ಇದೆ. 2,000 ರೂಪಾಯಿ ದಾಟಿದ ನಗದಿಗೆ ಇಲ್ಲ. ವಸ್ತು ರೂಪದಲ್ಲಿ ಕೊಟ್ರೆ ಇಲ್ಲ, ನಿಮ್ಮ ಚಿತ್ರಕ್ಕೆ ಹತ್ತು ಲಕ್ಷ ಬೆಲೆ ಇದ್ರೂ ಇಲ್ಲ. ಹೊಸ ಟ್ಯಾಕ್ಸ್ ರೆಜೀಮ್ ಆರಿಸಿಕೊಂಡವರಿಗೂ ಇಲ್ಲ, ಪೆನ್ಶನ್‌ದಾರರಲ್ಲಿ ಸುಮಾರು ಜನ ಈಗ ಅದರಲ್ಲೇ ಇದ್ದಾರೆ. ಹಾಗಾಗಿ ಟ್ಯಾಕ್ಸ್ ನೋಡ್ಕೊಂಡು ಈಗಲೇ ಕೊಡಬೇಕು ಅಂತ ಅವಸರ ಪಡೋ ಕಾರಣ ಹೆಚ್ಚಿನವರಿಗೆ ಇಲ್ಲ, ಒಂದು ಸಲ ಆಡಿಟರ್ ಹತ್ರ ಕೇಳಿ ಸಾಕು.

ದತ್ತಿ ನಮಗೆ ಹೊಸದಲ್ಲ. ಯೂನಿವರ್ಸಿಟಿಯಲ್ಲಿ ಅಪ್ಪ ಅಮ್ಮನ ಹೆಸರಲ್ಲಿ ಚಿನ್ನದ ಪದಕ, ಪರಿಷತ್ತಲ್ಲಿ ದತ್ತಿ ಉಪನ್ಯಾಸ, ಇದೆಲ್ಲ ನೋಡೇ ಬೆಳೆದಿದ್ದೀವಿ. ಅಸಲು ಹಾಗೇ ಇರುತ್ತೆ, ಬಡ್ಡಿಯಲ್ಲಿ ಕೆಲಸ ನಡೆಯುತ್ತೆ. ಕೇಳೋಕೆ ಚೆನ್ನಾಗಿದೆ, ಆದ್ರೆ ಲೆಕ್ಕ ಹಾಕಿ ನೋಡಿ, ಒಂದು ಲಕ್ಷಕ್ಕೆ ಶೇಕಡ 7 ಬಡ್ಡಿ ಅಂದ್ರೂ ವರ್ಷಕ್ಕೆ 7,000 ರೂಪಾಯಿ, ಅದು ಈಗಿನ ಕಾಲಕ್ಕೆ ಒಂದು ಕಾರ್ಯಕ್ರಮದ ಶಾಮಿಯಾನ ಕಾಫಿಗೇ ಸಾಲದು. ಇನ್ನು ಇಪ್ಪತ್ತು ವರ್ಷ ಆದ್ಮೇಲೂ ಅದೇ 7,000. ಸಣ್ಣ ಮೊತ್ತ ಆದ್ರೆ ದತ್ತಿ ಬೇಡ, ಅದೇ ಒಂದು ಲಕ್ಷವನ್ನ ಒಂದೇ ಸಲಕ್ಕೆ ಒಂದು ಕೆಲಸಕ್ಕೆ ಕೊಡಿ, ಗ್ರಂಥಗಳ ಸ್ಕ್ಯಾನಿಂಗೋ, ಕಾಗದ ಕೆಡದ ಹಾಗೆ ಇಡೋ ಆಸಿಡ್ ಇಲ್ಲದ ಪೆಟ್ಟಿಗೆಗಳೋ, ಒಂದು ಗಾಜಿನ ಷೋಕೇಸೋ. ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸ ಅರಮನೆ, ಜಾನಪದ ವಸ್ತುಸಂಗ್ರಹಾಲಯ ಇರೋ ಕಟ್ಟಡ, 1905ರದ್ದು, ಅದು ಹದಗೆಟ್ಟು ಹೋಗಿದ್ದಾಗ ಇನ್ಫೋಸಿಸ್ ಫೌಂಡೇಶನ್ ದುಡ್ಡಲ್ಲಿ ದೊಡ್ಡ ರಿಪೇರಿ ಆಯ್ತು. ಕಟ್ಟಡಕ್ಕೆ, ಸೂರಿಗೆ, ಗೆದ್ದಲಿಗೆ, ಸ್ಟೋರ್ ರೂಮಿಗೆ ದುಡ್ಡು ಕೊಡೋರು ಕಮ್ಮಿ, ಎಲ್ಲರಿಗೂ ತಮ್ಮ ಹೆಸರಿನ ಬೋರ್ಡು ಕಾಣೋ ಗ್ಯಾಲರೀನೇ ಬೇಕು. ಯಾರೂ ಕೇಳದ ಆ ಕೆಲಸಕ್ಕೆ ಕೊಡೋ ದುಡ್ಡೇ ಅತಿ ಹೆಚ್ಚು ಉಪಯೋಗ ಅಂತ ನಾನು ಗಟ್ಟಿಯಾಗಿ ನಂಬ್ತೀನಿ.

ದೊಡ್ಡ ಮೊತ್ತ ಅಂದ್ರೆ ವಿಲ್. ಎಪ್ಪತ್ತೈದರ ಮೇಲೆ ಆಸ್ಪತ್ರೆ ಖರ್ಚು ಯಾವಾಗ ಎಷ್ಟು ಬರುತ್ತೆ ಯಾರಿಗೂ ಗೊತ್ತಿಲ್ಲ, ಎಫ್‌ಡಿ ನಿಮ್ಮ ಹೆಸರಲ್ಲೇ ಇರಲಿ. ಒಂದು ವಿಷಯ, ಬ್ಯಾಂಕಲ್ಲಿ ಎಫ್‌ಡಿಗೆ ಮ್ಯೂಸಿಯಂನ ನಾಮಿನಿ ಮಾಡ್ತೀನಿ ಅಂದ್ರೆ ಆಗಲ್ಲ, ನಾಮಿನಿ ವ್ಯಕ್ತಿನೇ ಆಗಿರಬೇಕು. ಮತ್ತೆ ನಾಮಿನಿ ಅಂದ್ರೆ ಮಾಲೀಕ ಅಲ್ಲ, ದುಡ್ಡು ಈಸ್ಕೊಂಡು ವಿಲ್‌ನಲ್ಲಿ ಹೇಳಿದವರಿಗೆ ತಲುಪಿಸಬೇಕಾದವರು. ಹಾಗಾಗಿ ವಿಲ್ ಜಾರಿ ಮಾಡೋವ್ರನ್ನೇ ನಾಮಿನಿ ಮಾಡಿದ್ರೆ ಗೋಜಲು ಕಮ್ಮಿ.

ಮನೆ: ದಾನಪತ್ರವೋ ವಿಲ್ಲೋ

ಯಾದವಗಿರಿಯ ಆರ್.ಕೆ. ನಾರಾಯಣ್ ಮನೆ ಕಥೆ ಎಲ್ಲರಿಗೂ ನೆನಪಿರುತ್ತೆ. 2011ರಲ್ಲಿ ಕೆಡವೋಕೆ ಶುರುವಾಗಿತ್ತು, ಊರ ಜನ ಎದ್ದು ನಿಂತ ಮೇಲೆ ಕೆಲಸ ನಿಂತು, ಪಾಲಿಕೆ ದುಡ್ಡು ಕೊಟ್ಟು ಕೊಂಡು ರಿಪೇರಿ ಮಾಡಿಸಿ 2016ರಲ್ಲಿ ಮ್ಯೂಸಿಯಂ ಆಗಿ ತೆರೀತು. ಅಷ್ಟು ದೊಡ್ಡ ಹೆಸರಿದ್ದೂ ಇಷ್ಟು ಕಷ್ಟ ಆಯ್ತು ಅಂದ್ರೆ ನಮ್ಮ ನಿಮ್ಮ ಮನೆಯನ್ನ ಉಳಿಸೋಕೆ ಬೀದಿಗಿಳಿಯೋರು ಯಾರು, ನಾವೇ ಬರೆದಿಡಬೇಕು.

ದಾನಪತ್ರ ಅಂದ್ರೆ ಗಿಫ್ಟ್ ಡೀಡ್. ಸ್ಥಿರಾಸ್ತಿಗೆ ರಿಜಿಸ್ಟ್ರೇಶನ್ ಕಡ್ಡಾಯ, ಇಬ್ಬರು ಸಾಕ್ಷಿ ಬೇಕು, ಪಡೆಯೋವ್ರು ನೀವು ಬದುಕಿದ್ದಾಗಲೇ ಒಪ್ಪಿಕೊಳ್ಳಬೇಕು. ಒಮ್ಮೆ ಆದ್ರೆ ಮನಸ್ಸು ಬದಲಾಯ್ತು ಅಂತ ವಾಪಸ್ ಕೇಳೋಹಾಗಿಲ್ಲ. ಖರ್ಚಿನ ವಿಷಯ ಸುಮಾರು ಜನಕ್ಕೆ ಗೊತ್ತಿಲ್ಲ, ಮಗನಿಗೆ ಮಗಳಿಗೆ ದಾನಪತ್ರ ಮಾಡಿದ್ರೆ ಸ್ಟಾಂಪ್ ಡ್ಯೂಟಿ ಕೆಲವೇ ಸಾವಿರ, ಆದ್ರೆ ಕುಟುಂಬದ ಹೊರಗಿನವರಿಗೆ ಅಂದ್ರೆ ಕ್ರಯಪತ್ರಕ್ಕೆ ಕಟ್ಟೋ ಹಾಗೇ ಮಾರ್ಕೆಟ್ ವ್ಯಾಲ್ಯೂ ಮೇಲೆ ಕಟ್ಟಬೇಕು, ಸರಸ್ವತೀಪುರಂ ಅಥವಾ ಜಯಲಕ್ಷ್ಮೀಪುರಂ ಸೈಟಿನ ಬೆಲೆಗೆ ಅದು ಲಕ್ಷಗಳ ಲೆಕ್ಕ. ವಿಲ್‌ಗೆ ಸ್ಟಾಂಪ್ ಡ್ಯೂಟಿನೇ ಇಲ್ಲ.

ಮಧ್ಯದ ದಾರಿ ಒಂದಿದೆ, ದಾನಪತ್ರದಲ್ಲೇ "ನಾನು ಮತ್ತು ನನ್ನ ಹೆಂಡತಿ ಬದುಕಿರುವ ತನಕ ಈ ಮನೆಯಲ್ಲಿ ವಾಸಿಸುವ, ಬಾಡಿಗೆ ಪಡೆಯುವ ಹಕ್ಕು ನಮ್ಮದು" ಅಂತ ಬರೆಸೋದು. ಇಂಥ ದಾನ ಊರ್ಜಿತ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ಮಕ್ಕಳು ಆಮೇಲೆ ತಕರಾರು ಮಾಡ್ತಾರೆ ಅನ್ನೋ ಭಯ ಇರೋರಿಗೆ ಇದು ವಿಲ್‌ಗಿಂತ ಗಟ್ಟಿ. ಆದ್ರೆ ನಾಳೆ ಮನೆ ಮಾರಿ ಆಸ್ಪತ್ರೆಗೆ ಕಟ್ಟಬೇಕಾದ ಪರಿಸ್ಥಿತಿ ಬಂದ್ರೆ ಮಾರೋಕಾಗಲ್ಲ, ಇದನ್ನ ಚೆನ್ನಾಗಿ ಯೋಚನೆ ಮಾಡಿ. ಬೇರೆ ಆಸರೆ ಇದ್ದವರಿಗೆ ಮಾತ್ರ ದಾನಪತ್ರ, ಅದೊಂದೇ ಮನೆ ಇರೋರಿಗೆ ವಿಲ್ಲೇ ಸರಿ.

ಮಂಡ್ಯ ಕಡೆಯ ಗದ್ದೆ ಜಮೀನಾದ್ರೆ ಮ್ಯೂಸಿಯಂನವರು ಅದನ್ನ ತಗೊಂಡು ಕಬ್ಬು ಬೆಳೆಯಲ್ಲ. ವಿಲ್ ಜಾರಿ ಮಾಡೋವ್ರು ಜಮೀನು ಮಾರಿ ಬಂದ ದುಡ್ಡನ್ನ ಕೊಡಬೇಕು ಅಂತ ಬರೆಯೋದು ಒಳ್ಳೇದು. ಸರ್ಕಾರದಿಂದ ಮಂಜೂರಾದ ಜಮೀನಾದ್ರೆ ಪರಭಾರೆ ಷರತ್ತು, ಅಂದ್ರೆ ಮಾರೋದಕ್ಕೆ, ಬೇರೆಯವರಿಗೆ ಕೊಡೋದಕ್ಕೆ ಇರೋ ಷರತ್ತು ನೋಡಿಸಿಕೊಳ್ಳಿ.

ವಿಲ್‌ನಲ್ಲಿ ಏನು ಬರೀಬೇಕು

ವಿಲ್‌ಗೆ ಬೇಕಾಗಿರೋದು ನಿಮ್ಮ ಸಹಿ, ಇಬ್ಬರು ಸಾಕ್ಷಿಗಳ ಸಹಿ, ಅಷ್ಟೇ. ಬಿಳಿ ಹಾಳೆ ಸಾಕು, ಕನ್ನಡದಲ್ಲೇ ಬರೀಬೋದು, ರಿಜಿಸ್ಟರ್ ಮಾಡಿಸೋದು ಕಡ್ಡಾಯ ಅಲ್ಲ ಆದ್ರೆ ಮಾಡಿಸಿ. ಎಷ್ಟು ಸಲ ಬೇಕಾದ್ರೂ ಬದಲಾಯಿಸ್ಬೋದು. ನಮ್ಮ ಕಡೆ ಪ್ರೊಬೇಟು, ಅಂದ್ರೆ ವಿಲ್ ಸರಿ ಇದೆ ಅಂತ ಕೋರ್ಟಿಂದ ತಗೊಳ್ಳೋ ಪತ್ರ, ಅದೂ ಕಡ್ಡಾಯ ಅಲ್ಲ.

ಎಲ್ಲರೂ ಎಡವೋದು ಹೆಸರಿನಲ್ಲಿ. "ಮೈಸೂರು ಮ್ಯೂಸಿಯಂಗೆ 5 ಲಕ್ಷ" ಅಂತ ಬರೆದ್ರೆ ಯಾವ ಮ್ಯೂಸಿಯಂ? ಜಾನಪದ ವಸ್ತುಸಂಗ್ರಹಾಲಯ, ಓಆರ್‌ಐ ಎರಡೂ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದು, ಆದ್ದರಿಂದ ವಿಶ್ವವಿದ್ಯಾನಿಲಯದ ಹೆಸರು ಹಾಕಿ "ಇಂಥ ಸಂಗ್ರಹಾಲಯದ ಉಪಯೋಗಕ್ಕೆ ಮಾತ್ರ" ಅಂತ ಬರೀಬೇಕು. ರೈಲ್ವೆ ಮ್ಯೂಸಿಯಂ ರೈಲ್ವೆಯವರದು, ಶ್ರೀರಂಗಪಟ್ಟಣದ ದರಿಯಾ ದೌಲತ್ ಪುರಾತತ್ವ ಸರ್ವೇಕ್ಷಣ ಇಲಾಖೆದು, ಕಾರಂಜಿ ಕೆರೆ ಪಕ್ಕದ ನೈಸರ್ಗಿಕ ಇತಿಹಾಸದ ಮ್ಯೂಸಿಯಂ ಕೇಂದ್ರ ಪರಿಸರ ಸಚಿವಾಲಯದ್ದು, ವೆಲ್ಲಿಂಗ್ಟನ್ ಹೌಸಲ್ಲಿರೋದು ಭೋಪಾಲಿನ ಮಾನವ ಸಂಗ್ರಹಾಲಯದ ಶಾಖೆ. ಸರ್ಕಾರಿ ಸಂಸ್ಥೆಗೆ ಕೊಟ್ಟ ದುಡ್ಡು ಆ ಕಟ್ಟಡಕ್ಕೇ ಬರುತ್ತಾ, ಮೇಲಿನ ಇಲಾಖೆಯ ಖಜಾನೆಗೆ ಹೋಗುತ್ತಾ ಅಂತ ಬರೆಯೋಕೆ ಮುಂಚೆ ಲಿಖಿತವಾಗಿ ಕೇಳಿ. ಖಾಸಗಿ ಟ್ರಸ್ಟ್‌ಗೆ ಕೊಟ್ರೆ ದುಡ್ಡು ಬೇಗ ಕೆಲಸಕ್ಕೆ ಬರುತ್ತೆ, ಆದ್ರೆ ಐವತ್ತು ವರ್ಷ ಆದ್ಮೇಲೆ ಆ ಟ್ರಸ್ಟ್ ಇರುತ್ತಾ ಅನ್ನೋ ಪ್ರಶ್ನೆ ಇದೆ. ನನ್ನ ಒಲವು ವಸ್ತು ಸರ್ಕಾರಿ ಅಥವಾ ಯೂನಿವರ್ಸಿಟಿ ಸಂಗ್ರಹಕ್ಕೆ, ದುಡ್ಡು ಲೆಕ್ಕಪತ್ರ ತೋರಿಸೋ ಟ್ರಸ್ಟ್‌ಗೆ. "ಆ ಸಂಸ್ಥೆ ಆಗ ಇಲ್ಲದಿದ್ದರೆ ಇದೇ ಉದ್ದೇಶದ ಇಂಥ ಸಂಸ್ಥೆಗೆ" ಅಂತ ಎರಡನೇ ಹೆಸರೂ ಇರಲಿ.

ಮೊತ್ತ ಬರೆಯೋದಕ್ಕಿಂತ ಪಾಲು ಬರೆಯೋದು ಮೇಲು. 5 ಲಕ್ಷ ಅಂತ ಬರೆದ್ರೆ, ಬೆಲೆ ವರ್ಷಕ್ಕೆ ಶೇಕಡ 6 ಏರಿದ್ರೂ ಇಪ್ಪತ್ತು ವರ್ಷಕ್ಕೆ ಅದು ಇವತ್ತಿನ ಒಂದೂವರೆ ಲಕ್ಷದ ಕೆಲಸ ಮಾಡುತ್ತೆ. "ಎಲ್ಲ ಖರ್ಚು, ಸಾಲ, ಮೊಮ್ಮಕ್ಕಳಿಗೆ ಹೇಳಿದ್ದು ಕಳೆದು ಉಳಿದದ್ದರಲ್ಲಿ ಶೇಕಡ 15" ಅಂತ ಬರೆದ್ರೆ ಮಕ್ಕಳಿಗೂ ಅನ್ಯಾಯ ಇಲ್ಲ, ಮ್ಯೂಸಿಯಂಗೂ ಇಲ್ಲ.

ಷರತ್ತು ಆದಷ್ಟು ಕಮ್ಮಿ ಹಾಕಿ. ಬಾಸ್ಟನ್ನಿನ ಇಸಬೆಲ್ಲಾ ಸ್ಟೂವರ್ಟ್ ಗಾರ್ಡನರ್ 1924ರಲ್ಲಿ ತೀರಿಕೊಂಡರು, ತಮ್ಮ ಮ್ಯೂಸಿಯಂನಲ್ಲಿ ಇಟ್ಟದ್ದು ಇಟ್ಟಲ್ಲೇ ಇರಬೇಕು ಅಂತ ವಿಲ್ ಬರೆದಿದ್ದರು. 1990ರಲ್ಲಿ ಅಲ್ಲಿಂದ 13 ಕಲಾಕೃತಿ ಕಳ್ಳತನ ಆಯ್ತು, ಇವತ್ತಿಗೂ ಖಾಲಿ ಚೌಕಟ್ಟುಗಳು ಗೋಡೆ ಮೇಲೆ ಹಾಗೇ ಇವೆ. ಅದೇ ಜೇಮ್ಸ್ ಸ್ಮಿತ್ಸನ್ ಅನ್ನೋ ಇಂಗ್ಲಿಷ್ ವಿಜ್ಞಾನಿ 1826ರಲ್ಲಿ ಬರೆದ ವಿಲ್ ನೋಡಿ, ಆಸ್ತಿ ಅಣ್ಣತಮ್ಮನ ಮಗನಿಗೆ, ಅವನು ಮಕ್ಕಳಿಲ್ಲದೆ ಸತ್ತರೆ ಅಮೆರಿಕಕ್ಕೆ, ವಾಷಿಂಗ್ಟನ್ನಿನಲ್ಲಿ ಜ್ಞಾನ ಹೆಚ್ಚಿಸಿ ಹರಡೋ ಒಂದು ಸಂಸ್ಥೆ ಮಾಡೋಕೆ. ಹಾಗೇ ಆಯ್ತು, 1846ರಲ್ಲಿ ಸ್ಮಿತ್ಸೋನಿಯನ್ ಹುಟ್ಟಿತು. ಎರಡನೇ ವಾರಸುದಾರನ ಜಾಗದಲ್ಲಿ ಸಂಸ್ಥೆ ಬರೆಯೋ ಈ ಕ್ರಮ, ಸ್ವಂತ ಮಕ್ಕಳಿಲ್ಲದೆ ಅಣ್ಣನ ಮಗ, ತಂಗಿ ಮಗಳು ಇರೋ ಮನೆಗಳಿಗೆ ಇವತ್ತಿಗೂ ಹೊಂದುತ್ತೆ. "ಸದಾ ಪ್ರದರ್ಶನದಲ್ಲೇ ಇಡಬೇಕು", "ಯಾವತ್ತೂ ಜಾಗ ಬದಲಾಯಿಸಬಾರದು" ಅಂತ ಬರೆದ್ರೆ ಒಳ್ಳೇ ಮ್ಯೂಸಿಯಂ ತಗೊಳ್ಳೋದೇ ಇಲ್ಲ. ಸಂಶೋಧಕರಿಗೆ ನೋಡೋಕೆ ಸಿಗಬೇಕು, ಮಾರಬಾರದು, ಬೇಡವಾದ್ರೆ ಇನ್ನೊಂದು ಸಾರ್ವಜನಿಕ ಸಂಗ್ರಹಕ್ಕೆ ಕೊಡಬೇಕು, ಇಷ್ಟು ಸಾಕು.

ಮನೆಯವರು, ಮತ್ತೆ ವಿದೇಶದ ಮಕ್ಕಳು

ಸ್ವಯಾರ್ಜಿತ ಆಸ್ತಿ ಪೂರ್ತಿ ನಿಮ್ಮಿಷ್ಟ. ಪಿತ್ರಾರ್ಜಿತದಲ್ಲಿ ನಿಮ್ಮ ಪಾಲನ್ನ ಹಿಂದೂಗಳು ವಿಲ್‌ನಲ್ಲಿ ಬರೀಬೋದು, ಆದ್ರೆ ವಿಭಾಗ ಆಗದ ಪಾಲನ್ನ ಬೇರೆಯವರ ಒಪ್ಪಿಗೆ ಇಲ್ಲದೆ ದಾನಪತ್ರ ಮಾಡಿದ್ರೆ ನಿಲ್ಲಲ್ಲ, ಇಲ್ಲಿ ವಿಲ್‌ದೇ ಮೇಲುಗೈ. ಮುಸ್ಲಿಮರು ವಾರಸುದಾರರ ಒಪ್ಪಿಗೆ ಇಲ್ಲದೆ ವಿಲ್‌ನಲ್ಲಿ ಕೊಡೋಕಾಗೋದು ಮೂರನೇ ಒಂದು ಭಾಗ. ಕ್ರೈಸ್ತರಿಗೆ ಧರ್ಮಾರ್ಥ ವಿಲ್ ಸಾಯೋಕೆ ವರ್ಷ ಮುಂಚೆ ಬರೆದಿರಬೇಕು ಅನ್ನೋ ಹಳೇ ನಿಯಮ ಇತ್ತು, ಅದನ್ನ ಸುಪ್ರೀಂ ಕೋರ್ಟ್ 2003ರಲ್ಲಿ ರದ್ದು ಮಾಡಿದೆ, ಆದ್ರೂ ಕೆಲವರು ಇನ್ನೂ ಅದನ್ನೇ ಹೇಳಿ ಹೆದರಿಸ್ತಾರೆ.

ಮಕ್ಕಳಿಗೆ ಹೇಳದೆ ಮಾಡ್ಬೇಡಿ. "ಅಪ್ಪನ ತಲೆ ಸರಿ ಇರ್ಲಿಲ್ಲ, ಮ್ಯೂಸಿಯಂನವರು ಬರೆಸಿಕೊಂಡ್ರು" ಅಂತ ಕೋರ್ಟಿಗೆ ಹೋಗೋದು ಇಂಥ ವಿಲ್‌ಗಳಲ್ಲೇ. ಯಾಕೆ ಕೊಡ್ತಿದ್ದೀನಿ ಅಂತ ವಿಲ್‌ನಲ್ಲೇ ನಾಲ್ಕು ಸಾಲು ಬರೀರಿ, ಡಾಕ್ಟರ್ ಸರ್ಟಿಫಿಕೇಟ್ ಇರಲಿ, ಸಾಕ್ಷಿಗಳು ನಿಮಗಿಂತ ಚಿಕ್ಕ ವಯಸ್ಸಿನವರಾಗಿರಲಿ, ಮ್ಯೂಸಿಯಂಗೆ ಸೇರಿದವರು ಸಾಕ್ಷಿ ಹಾಕೋದು ಬೇಡ.

ವಿದೇಶದಲ್ಲಿರೋ ಮಗ ತನ್ನ ಪಾಲಿಂದಾನೂ ದುಡ್ಡು ಕಳಿಸ್ತೀನಿ ಅಂದ್ರೆ ಪಾಸ್‌ಪೋರ್ಟ್ ಯಾವುದು ಕೇಳಿ. ಭಾರತದ ಪಾಸ್‌ಪೋರ್ಟ್ ಇರೋ ಎನ್‌ಆರ್‌ಐ ತನ್ನ ಸಂಪಾದನೆಯನ್ನ ಬ್ಯಾಂಕ್ ಮೂಲಕ ಕಳಿಸಿದ್ರೆ ಅದು ವಿದೇಶಿ ದೇಣಿಗೆ ಅಲ್ಲ. ಅಮೆರಿಕದ ಸಿಟಿಜನ್ ಆಗಿ ಓಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡೋ ಕಾರ್ಡ್) ಇಟ್ಕೊಂಡಿದ್ರೆ ಅದು ವಿದೇಶಿ ದೇಣಿಗೆ, ಟ್ರಸ್ಟ್‌ಗೆ ಎಫ್‌ಸಿಆರ್‌ಎ ಅನ್ನೋ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಇಲ್ಲದಿದ್ರೆ ತಗೊಳ್ಳೋಹಾಗಿಲ್ಲ, ಗೊತ್ತಿಲ್ಲದೆ ತಗೊಂಡ್ರೆ ತೊಂದರೆ ಸಂಸ್ಥೆಗೆ.

ಕೊನೆಗೆ ವಿಲ್ ಎಲ್ಲಿಡೋದು ಅನ್ನೋ ಪ್ರಶ್ನೆ. ಬೀರುವಿನಲ್ಲಿ ಸೀರೆ ಕೆಳಗೆ ಇಟ್ರೆ ಸಿಗೋದು ವರ್ಷ ಆದ್ಮೇಲೆ, ಅಷ್ಟೊತ್ತಿಗೆ ಸಾಮಾನು ಗುಜರಿಗೆ ಹೋಗಿರುತ್ತೆ. ಮುಚ್ಚಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿ ಹತ್ರ ಠೇವಣಿ ಇಡೋ ಅವಕಾಶ 1908ರ ನೋಂದಣಿ ಕಾಯ್ದೆಯಲ್ಲೇ ಇದೆ. ಲಕೋಟೆ ಅಲ್ಲಿದೆ ಅಂತ ವಿಲ್ ಜಾರಿ ಮಾಡೋವ್ರಿಗೆ ತಿಳಿಸಿ, ಮ್ಯೂಸಿಯಂಗೆ ಸಂಬಂಧಪಟ್ಟ ಪುಟದ ಜೆರಾಕ್ಸ್ ಅವರಿಗೂ ಒಂದು ಕೊಟ್ಟು ಅದಕ್ಕೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.